ಎಲ್‌ಇಡಿ ಸ್ಟ್ರಿಪ್‌ಗೆ ಯಾವ ಡ್ರೈವರ್? ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ವಿದ್ಯುತ್ ಕೆಲಸಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಎಲ್‌ಇಡಿ ಸ್ಟ್ರಿಪ್‌ಗಳದ್ದೇ ದೊಡ್ಡ ಪಾಲು. ಸ್ಟ್ರಿಪ್ ಕೆಟ್ಟಿತು, ಮಂಕಾಯಿತು, ಮಿಣುಕುತ್ತಿದೆ ಎಂದು ಓದುಗರು ಬರೆದಿದ್ದಾರೆ. ಆದರೆ ವಿವರಗಳನ್ನು ಓದುತ್ತಾ ಹೋದರೆ, ಬಹುತೇಕ ಕಡೆ ಎಡವಟ್ಟಾಗಿರುವುದು ಮನೆಯ 230 ವೋಲ್ಟನ್ನು 12 ಅಥವಾ 24 ವೋಲ್ಟಿಗೆ ಇಳಿಸಿ ಸ್ಟ್ರಿಪ್‌ಗೆ ವಿದ್ಯುತ್ ಉಣಿಸುವ ಡ್ರೈವರ್‌ನ ಆಯ್ಕೆಯಲ್ಲಿ ಎಂಬುದು ಗೊತ್ತಾಗುತ್ತದೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ಹೊಸ ಮನೆಯ ಹಜಾರದ ಫಾಲ್ಸ್ ಸೀಲಿಂಗ್ ಅಂಚಿಗೆ ಐದೈದು ಮೀಟರಿನ ಮೂರು ರೋಲ್ ಸ್ಟ್ರಿಪ್ ಹಾಕಿಸಿದ್ದೇವೆ. ರೋಲಿನ ಮೇಲೆ 12 ವೋಲ್ಟ್, ಮೀಟರಿಗೆ 14.4 ವ್ಯಾಟ್ ಎಂದಿದೆ. ಎಲೆಕ್ಟ್ರಿಷಿಯನ್ 12 ವೋಲ್ಟ್, 10 ಆಂಪಿಯರ್ ಡ್ರೈವರ್ ಒಂದನ್ನು ಹಾಕಿ, ಒಂದು ರೋಲಿನ ತುದಿಗೆ ಇನ್ನೊಂದನ್ನು ಸೇರಿಸುತ್ತಾ ಹೋಗಿದ್ದಾರೆ. ಕೊನೆಯ ರೋಲ್ ಮಂಕಾಗಿದೆ. ಹದಿನೈದು ಇಪ್ಪತ್ತು ನಿಮಿಷ ಉರಿದ ಮೇಲೆ ಎಲ್ಲವೂ ಆರಿಹೋಗಿ, ಸ್ವಲ್ಪ ಹೊತ್ತಿನ ನಂತರ ತಾವಾಗಿಯೇ ಹತ್ತಿಕೊಳ್ಳುತ್ತವೆ. ಅಂಗಡಿಯವರು ಡ್ರೈವರ್ ಬದಲಾಯಿಸಿ ಕೊಟ್ಟರೂ ಹೀಗೇ ಆಯಿತು. ಏನು ಮಾಡಬೇಕು?
ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಎರಡೂ ಡ್ರೈವರ್‌ಗಳು ಸರಿಯಾಗಿಯೇ ಇರಬೇಕು. ಅವುಗಳ ಮೇಲೆ ಹೊರಿಸಿದ ಭಾರ ಮಾತ್ರ ಅವು ಹೊರಬಲ್ಲುದಕ್ಕಿಂತ ಹೆಚ್ಚು. ಮೀಟರಿಗೆ 14.4 ವ್ಯಾಟಿನಂತೆ 15 ಮೀಟರಿಗೆ 216 ವ್ಯಾಟ್ ಆಗುತ್ತದೆ. 12 ವೋಲ್ಟಿನಲ್ಲಿ ಅದು 18 ಆಂಪಿಯರ್. ನೀವು ಹಾಕಿಸಿರುವ ಡ್ರೈವರ್ ಕೊಡಬಲ್ಲುದು 12 ವೋಲ್ಟಿನಲ್ಲಿ 10 ಆಂಪಿಯರ್, ಅಂದರೆ 120 ವ್ಯಾಟ್. ಮೂರೂ ರೋಲುಗಳು ಒಂದೇ ಸಾಲಿನಲ್ಲಿರುವುದರಿಂದ ದಾರಿಯಲ್ಲೇ ವೋಲ್ಟೇಜ್ ಕುಸಿದು, ಸ್ಟ್ರಿಪ್ ಪೂರ್ತಿ 216 ವ್ಯಾಟ್ ಎಳೆಯುತ್ತಿಲ್ಲ. ಇಲ್ಲದಿದ್ದರೆ ಡ್ರೈವರ್ ಸ್ವಿಚ್ ಹಾಕಿದ ತಕ್ಷಣವೇ ಕೈಚೆಲ್ಲುತ್ತಿತ್ತು. ಆದರೂ ತನ್ನ ಮಿತಿಯನ್ನು ಮೀರಿ ದುಡಿದು, ಕಾದು, ಒಳಗಿನ ರಕ್ಷಣಾ ಸರ್ಕೀಟು ಅದನ್ನು ಆರಿಸುತ್ತದೆ. ತಣ್ಣಗಾದ ಮೇಲೆ ಮತ್ತೆ ಹತ್ತಿಸುತ್ತದೆ. ಹೀಗೆ ದಿನವೂ ಬೆಂದರೆ ಒಳಗಿನ ಕೆಪಾಸಿಟರ್‌ಗಳು ಬೇಗ ಒಣಗಿ, ಆ ಡ್ರೈವರ್ ಒಂದು ದಿನ ಏಳದೆ ಹೋಗುತ್ತದೆ.

ಡ್ರೈವರ್ ಆರಿಸುವಾಗ ವೋಲ್ಟೇಜ್ ಮತ್ತು ಆಂಪಿಯರ್ ಎರಡನ್ನೂ ಬೇರೆ ಬೇರೆ ದೃಷ್ಟಿಯಿಂದ ನೋಡಬೇಕು. ವೋಲ್ಟೇಜ್ ಸ್ಟ್ರಿಪ್‌ನದ್ದು ಎಷ್ಟೋ ಡ್ರೈವರ್‌ನದ್ದೂ ಅಷ್ಟೇ ಇರಬೇಕು. 12ಕ್ಕೆ 12, 24ಕ್ಕೆ 24. ಆಂಪಿಯರ್ ಹಾಗಲ್ಲ. ಡ್ರೈವರ್‌ನ ಮೇಲೆ ಬರೆದಿರುವುದು ಅದು ಗರಿಷ್ಠವಾಗಿ ಎಷ್ಟು ಕೊಡಬಲ್ಲುದು ಎಂಬ ಲೆಕ್ಕ; ಸ್ಟ್ರಿಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ದೊಡ್ಡ ಡ್ರೈವರ್ ಹಾಕಿದರೆ ಸ್ಟ್ರಿಪ್ ಸುಟ್ಟುಹೋದೀತು ಎಂದು ಅನೇಕರು ಹೆದರುವುದಕ್ಕೆ ಆಧಾರವಿಲ್ಲ. ಸ್ಟ್ರಿಪ್‌ನ ಒಟ್ಟು ವ್ಯಾಟಿಗೆ ಅದರ ಕಾಲು ಭಾಗವನ್ನು ಸೇರಿಸಿ, ಅದಕ್ಕಿಂತ ತುಸು ಮೇಲಿನ ಅಳತೆಯ ಡ್ರೈವರ್ ಕೊಳ್ಳುವುದು ಒಳ್ಳೆಯ ರೂಢಿ. ನಿಮ್ಮ ಲೆಕ್ಕದಲ್ಲಿ ಅದು 270 ವ್ಯಾಟ್ ಆಗುತ್ತದೆ.

ಹಾಗೆಂದು 270 ವ್ಯಾಟಿನ ಒಂದೇ ಡ್ರೈವರ್ ತಂದು ಈಗಿನ ಸಾಲಿಗೆ ಹಚ್ಚಿದರೆ ಕೊನೆಯ ರೋಲ್ ಮಂಕಾಗಿರುವುದು ಸರಿಹೋಗುವುದಿಲ್ಲ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು. 12 ವೋಲ್ಟಿನ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿಗಳನ್ನು ಸಾಲಾಗಿ ಕೂಡಿಸಿ, ಉಳಿದ 3 ವೋಲ್ಟನ್ನು, ಕರೆಂಟನ್ನು ಮಿತಿಯಲ್ಲಿಡುವ ಒಂದು ರೆಸಿಸ್ಟರ್‌ಗೆ ಬಿಟ್ಟಿರುತ್ತಾರೆ. ಸ್ಟ್ರಿಪ್ ಮೇಲೆ ಪ್ರತಿ ಮೂರು ಎಲ್‌ಇಡಿಗೊಂದು ಕತ್ತರಿ ಗುರುತು ಇರುವುದು ಇದೇ ಕಾರಣಕ್ಕೆ. ದಾರಿಯಲ್ಲಿ ಒಂದೇ ಒಂದು ವೋಲ್ಟ್ ಕಳೆದುಹೋದರೂ ಆ ನಷ್ಟದ ಬಹುಪಾಲು ರೆಸಿಸ್ಟರ್‌ನ 3 ವೋಲ್ಟಿನಿಂದಲೇ ಹೋಗುವುದರಿಂದ, ಎಲ್‌ಇಡಿಯಲ್ಲಿ ಹರಿಯುವ ಕರೆಂಟು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿದುಬಿಡುತ್ತದೆ. ಸ್ಟ್ರಿಪ್‌ನ ತಾಮ್ರದ ಪದರ ಬಹಳ ತೆಳು. 15 ಮೀಟರಿನ ಕರೆಂಟನ್ನೆಲ್ಲ ಮೊದಲ ರೋಲಿನ ಆ ಪದರವೇ ಸಾಗಿಸಬೇಕಾದಾಗ ಅದೂ ಕಾಯುತ್ತದೆ, ಕೊನೆಯವರೆಗೆ ವೋಲ್ಟೇಜೂ ತಲುಪುವುದಿಲ್ಲ.

ಕೈಲಿರುವ ಸ್ಟ್ರಿಪ್‌ಗಳನ್ನು ಉಳಿಸಿಕೊಳ್ಳುವುದಾದರೆ ಮೂರನ್ನೂ ಬಿಡಿಸಿ, ಪ್ರತಿ ರೋಲಿಗೂ 12 ವೋಲ್ಟ್, 100 ವ್ಯಾಟಿನ ಒಂದೊಂದು ಡ್ರೈವರ್ ಕೊಡಿಸಿ. ಒಂದು ರೋಲಿನ 72 ವ್ಯಾಟಿಗೆ ಅದು ಹಾಯಾಗಿ ಸಾಕು. ರೋಲಿನ ಎರಡೂ ತುದಿಗಳಿಗೆ ಅದೇ ಡ್ರೈವರ್‌ನಿಂದ ತಂತಿ ಎಳೆದರೆ ಇನ್ನೂ ಉತ್ತಮ. ಆಗ ಸ್ಟ್ರಿಪ್‌ನೊಳಗಿನ ಗರಿಷ್ಠ ವೋಲ್ಟೇಜ್ ನಷ್ಟ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ಡ್ರೈವರ್‌ಗಳ ಪಾಸಿಟಿವ್ ತಂತಿಗಳನ್ನು ಮಾತ್ರ ಎಲ್ಲಿಯೂ ಒಂದಕ್ಕೊಂದು ಸೇರಿಸಬಾರದು. ಸಾಮಾನ್ಯ ಡ್ರೈವರ್‌ಗಳು ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ವೋಲ್ಟೇಜ್ ತುಸು ಹೆಚ್ಚಿರುವ ಡ್ರೈವರೇ ಎಲ್ಲವನ್ನೂ ಹೊರಲು ಹೋಗಿ ಸೋಲುತ್ತದೆ.

ಹೊಸದಾಗಿ ಕೊಳ್ಳುವ ಓದುಗರಿಗೆ ನನ್ನ ಸಲಹೆ ಬೇರೆ. ಹಜಾರದಂಥ ದೊಡ್ಡ ಜಾಗಕ್ಕೆ 24 ವೋಲ್ಟಿನ ಸ್ಟ್ರಿಪ್ಪನ್ನೇ ತನ್ನಿ. ಅಷ್ಟೇ ಬೆಳಕಿಗೆ ಕರೆಂಟು ಅರ್ಧವಾಗುತ್ತದೆ, ಅದೇ ತಂತಿಯಲ್ಲಿ ಶೇಕಡಾವಾರು ನಷ್ಟ ನಾಲ್ಕನೇ ಒಂದು ಭಾಗವಾಗುತ್ತದೆ. ಸೀಲಿಂಗ್ ಅಂಚಿನಲ್ಲಿ ಅಡಗಿ, ಗೋಡೆಗೆ ಬಡಿದು ಬರುವ ಬೆಳಕಿಗೆ ಮೀಟರಿಗೆ 14.4 ವ್ಯಾಟ್ ಬೇಕಾಗುವುದೂ ಅಪರೂಪ, 9.6 ವ್ಯಾಟಿನದು ಹೆಚ್ಚಿನ ಮನೆಗಳಿಗೆ ಸಾಲುತ್ತದೆ.

ಇನ್ನೊಂದು ಮಾತು. ನನ್ನ ಮನೆಯಲ್ಲೇ ಡ್ರೈವರ್‌ಗಳನ್ನು ಸೀಲಿಂಗ್ ಒಳಗಿಟ್ಟು ಜಿಪ್ಸಮ್ ಹಲಗೆ ಮುಚ್ಚಿಬಿಟ್ಟಿದ್ದರು. ಎರಡನೆಯ ವರ್ಷ ಒಂದು ಕೆಟ್ಟಾಗ, ಬಣ್ಣ ಬಳಿದ ಸೀಲಿಂಗನ್ನು ಕೊಯ್ಯಬೇಕಾಯಿತು. ಸ್ಟ್ರಿಪ್‌ಗಿಂತ ಮೊದಲು ಕೆಡುವುದು ಸಾಮಾನ್ಯವಾಗಿ ಡ್ರೈವರೇ. ಕೈ ಹೋಗುವಂಥ ಒಂದು ಬಾಗಿಲನ್ನು ಸೀಲಿಂಗ್‌ನಲ್ಲಿ ಬಿಡಿಸಿ, ಇಲ್ಲವೇ ಲಾಫ್ಟಿನ ಮೇಲೆ ಗಾಳಿಯಾಡುವಲ್ಲಿ ಇಡಿಸಿ. ಮುಚ್ಚಿದ ಸೀಲಿಂಗ್ ಒಳಗೆ ಬೇಸಿಗೆಯಲ್ಲಿ ಸೆಕೆ ಕೂಡುತ್ತದೆ, ಮತ್ತು ಡ್ರೈವರ್‌ನೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧದಷ್ಟಾಗುತ್ತದೆ.

ಪ್ರಶ್ನೆ: ಅಡುಗೆಮನೆಯ ಮೇಲಿನ ಕಪಾಟುಗಳ ಕೆಳಗೆ ಅಲ್ಯೂಮಿನಿಯಂ ಪ್ರೊಫೈಲ್‌ನಲ್ಲಿ ಸ್ಟ್ರಿಪ್ ಹಾಕಿಸಿದ್ದೇವೆ. ಒದ್ದೆ ಕೈಯಿಂದ ಪ್ರೊಫೈಲ್ ಮುಟ್ಟಿದರೆ ಜುಮ್ ಎನ್ನುತ್ತದೆ. 12 ವೋಲ್ಟಿನಿಂದ ಏನೂ ಆಗುವುದಿಲ್ಲ ಎಂದು ಕೆಲಸ ಮಾಡಿದವರು ಹೇಳುತ್ತಾರೆ. ನಂಬಬಹುದೇ?
ಗೃಹಿಣಿಯೊಬ್ಬರು, ಹುಬ್ಬಳ್ಳಿ

ಉತ್ತರ: ತಾಯಿ, ಈ ಉತ್ತರವನ್ನು ಮುಂದೆ ಓದುವ ಮೊದಲು ಆ ದೀಪದ ಸ್ವಿಚ್ ಆರಿಸಿ, ಸಾಧ್ಯವಾದರೆ ಅದರ ಎಂಸಿಬಿಯನ್ನೂ ಇಳಿಸಿ. 12 ವೋಲ್ಟ್ ಮನುಷ್ಯನಿಗೆ ಜುಮ್ ಎನ್ನಿಸುವುದಿಲ್ಲ ಎಂಬುದು ನಿಜವೇ. ಹಾಗಾದರೆ ನಿಮ್ಮ ಕೈಗೆ ತಾಗುತ್ತಿರುವುದು 12 ವೋಲ್ಟ್ ಅಲ್ಲ ಎಂದೇ ಅದರ ಅರ್ಥ.

ಎರಡು ಕಾರಣಗಳಿರಬಹುದು. ಜಾಲರಿಯಂಥ ತಗಡಿನ ಪೆಟ್ಟಿಗೆಯಲ್ಲಿ ಬರುವ, ಎಸ್‌ಎಂಪಿಎಸ್ ಎಂದು ಕರೆಯುವ ಡ್ರೈವರ್‌ಗೆ ಫೇಸ್, ನ್ಯೂಟ್ರಲ್ ಜೊತೆಗೆ ಅರ್ಥಿನ ತಿರುಪೂ ಇರುತ್ತದೆ. ಒಳಗೆ ವಿದ್ಯುತ್ತಿನ ಗದ್ದಲ (ನಾಯ್ಸ್) ತಡೆಯಲು ಹಾಕಿರುವ ಸಣ್ಣ ಕೆಪಾಸಿಟರ್‌ಗಳು ಅತ್ಯಲ್ಪ ಕರೆಂಟನ್ನು ಪೆಟ್ಟಿಗೆಗೂ ಔಟ್‌ಪುಟ್ ಕಡೆಗೂ ಸೋರಗೊಡುತ್ತವೆ, ಅದು ಅರ್ಥ್ ತಂತಿಯ ಮೂಲಕ ನೆಲ ಸೇರಬೇಕು. ಅರ್ಥ್ ತಂತಿಯನ್ನು ಜೋಡಿಸದೆ ಬಿಟ್ಟರೆ ಆ ಸೋರಿಕೆ ದಾರಿ ಕಾಣದೆ ಕಾದು ಕುಳಿತು, ಮುಟ್ಟಿದವರ ಮೂಲಕ ಹರಿಯುತ್ತದೆ. ಇದು ಸಾಮಾನ್ಯವಾಗಿ ಜುಮ್ ಎನ್ನಿಸುವಷ್ಟೇ ಇರುತ್ತದೆ, ಅರ್ಥ್ ಜೋಡಿಸಿದರೆ ನಿಲ್ಲುತ್ತದೆ.

ಎರಡನೆಯ ಕಾರಣ ಗಂಭೀರವಾದದ್ದು. ಅಗ್ಗದ ಕೆಲವು ಡ್ರೈವರ್‌ಗಳಲ್ಲಿ 230 ವೋಲ್ಟಿನ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಪ್ರತ್ಯೇಕತೆಯೇ ಇರುವುದಿಲ್ಲ. ಎರಡು ಔಟ್‌ಪುಟ್ ತಂತಿಗಳ ನಡುವೆ ಅಳೆದರೆ ಕಡಿಮೆ ವೋಲ್ಟೇಜ್ ತೋರಿಸಿದರೂ, ನೆಲಕ್ಕೆ ಹೋಲಿಸಿದರೆ ಆ ತಂತಿಗಳು ಮನೆಯ ಕರೆಂಟಿನಷ್ಟೇ ಅಪಾಯಕಾರಿ. ಸ್ಟ್ರಿಪ್‌ನ ಕತ್ತರಿಸಿದ ತುದಿ ಅಲ್ಯೂಮಿನಿಯಮ್ಮಿಗೆ ತಾಗಿದ್ದರೆ ಇಡೀ ಪ್ರೊಫೈಲ್ ಜೀವಂತವಾಗಿರುತ್ತದೆ. ನೀರು, ಸ್ಟೀಲಿನ ಸಿಂಕು, ಒದ್ದೆ ಗ್ರಾನೈಟ್ ಇರುವಲ್ಲಿ ಇಂಥದ್ದು ಒಂದು ಕ್ಷಣವೂ ಇರಕೂಡದು.

ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಡ್ರೈವರ್ ತೆಗೆಸಿ ನೋಡಿಸಿ. ಔಟ್‌ಪುಟ್ ಪೂರ್ತಿ ಪ್ರತ್ಯೇಕಗೊಂಡ, ಚೌಕದೊಳಗೊಂದು ಚೌಕದ ಗುರುತಿರುವ, ಅಂದರೆ ಇಮ್ಮಡಿ ನಿರೋಧನದ ಡ್ರೈವರ್ ಹಾಕಿಸಿ. ಅರ್ಥ್ ತಿರುಪಿರುವ ಡ್ರೈವರ್ ಆದರೆ ಅರ್ಥ್ ಜೋಡಿಸಿಯೇ ಹಾಕಿಸಿ. ಮನೆಯ ಮುಖ್ಯ ಫಲಕದಲ್ಲಿ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನೂ ಇದೇ ಕೈಯಲ್ಲಿ ಹಾಕಿಸಿಬಿಡಿ. ಡ್ರೈವರ್ ಇಲ್ಲದೆ ನೇರವಾಗಿ 230 ವೋಲ್ಟಿಗೆ ಚುಚ್ಚುವ ರೋಪ್ ಲೈಟ್‌ಗಳನ್ನು ಅಡುಗೆಮನೆ, ಬಚ್ಚಲು, ತುಳಸಿಕಟ್ಟೆಯಂಥ ಕೈಗೆಟುಕುವ ಜಾಗಗಳಲ್ಲಿ ಬಳಸಲೇಬೇಡಿ ಎಂದು ಎಲ್ಲ ಓದುಗರಲ್ಲಿಯೂ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಕೆಟ್ಟುಹೋದ ಪ್ಯಾನಲ್ ಲೈಟೊಂದರ ಡ್ರೈವರ್ ನನ್ನಲ್ಲಿದೆ. ಅದರ ಮೇಲೆ ಔಟ್‌ಪುಟ್ 24–42 ವೋಲ್ಟ್, 300 ಮಿಲಿಆಂಪಿಯರ್ ಎಂದು ಬರೆದಿದೆ. 24 ವೋಲ್ಟ್ ಇದೆಯಲ್ಲ, 24 ವೋಲ್ಟಿನ ಸ್ಟ್ರಿಪ್‌ಗೆ ಬಳಸಬಹುದೇ?
ನಿವೃತ್ತ ಶಿಕ್ಷಕರೊಬ್ಬರು, ಹಾಸನ

ಉತ್ತರ: ಬಳಸಬೇಡಿ ಸರ್. ಡ್ರೈವರ್‌ಗಳಲ್ಲಿ ಎರಡು ಜಾತಿ. ಒಂದು ಜಾತಿ ವೋಲ್ಟೇಜನ್ನು ಸ್ಥಿರವಾಗಿ ಹಿಡಿದು, ಕರೆಂಟನ್ನು ದೀಪಕ್ಕೆ ಬಿಟ್ಟುಕೊಡುತ್ತದೆ. ಇನ್ನೊಂದು ಜಾತಿ ಕರೆಂಟನ್ನು ಸ್ಥಿರವಾಗಿ ಹಿಡಿದು, ಅದಕ್ಕಾಗಿ ವೋಲ್ಟೇಜನ್ನು ಏರಿಳಿಸುತ್ತದೆ. ಪ್ಯಾನಲ್ ಲೈಟ್, ಡೌನ್‌ಲೈಟ್‌ಗಳೊಳಗೆ ಎಲ್‌ಇಡಿಗಳು ರೆಸಿಸ್ಟರ್ ಇಲ್ಲದೆ ಸಾಲಾಗಿರುವುದರಿಂದ ಅವುಗಳಿಗೆ ಎರಡನೆಯ ಜಾತಿ ಬೇಕು. ಸ್ಟ್ರಿಪ್‌ನಲ್ಲಿ ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್ ಆಗಲೇ ಕೂತಿರುವುದರಿಂದ ಅದಕ್ಕೆ ಮೊದಲನೆಯ ಜಾತಿ ಬೇಕು. ಲೇಬಲ್ಲಿನಲ್ಲಿ ಇವೆರಡನ್ನು ಗುರುತಿಸುವುದು ಸುಲಭ: ಔಟ್‌ಪುಟ್ ವೋಲ್ಟೇಜ್ ಒಂದೇ ಸಂಖ್ಯೆಯಲ್ಲಿದ್ದರೆ ಸ್ಥಿರ ವೋಲ್ಟೇಜಿನದು, ನಿಮ್ಮದರಂತೆ ಇಷ್ಟರಿಂದ ಇಷ್ಟರವರೆಗೆ ಎಂದಿದ್ದು ಮಿಲಿಆಂಪಿಯರ್ ಮಾತ್ರ ಒಂದೇ ಸಂಖ್ಯೆಯಾಗಿದ್ದರೆ ಸ್ಥಿರ ಕರೆಂಟಿನದು.

ನಿಮ್ಮ ಡ್ರೈವರ್‌ಗೆ ಅರ್ಧ ಮೀಟರಿನ ಸ್ಟ್ರಿಪ್ ತುಂಡನ್ನು ಕೂಡಿಸಿದರೆ, ಅದು 300 ಮಿಲಿಆಂಪಿಯರನ್ನು ತುರುಕಲೇಬೇಕೆಂದು ವೋಲ್ಟೇಜನ್ನು 24ರಿಂದ ಮೇಲಕ್ಕೆ ಏರಿಸುತ್ತಾ ಹೋಗಬಹುದು. ಸ್ಟ್ರಿಪ್ ಸ್ವಲ್ಪ ಹೊತ್ತು ಬಹಳ ಚೆನ್ನಾಗಿ ಉರಿದು, ಕಪ್ಪಾಗುತ್ತದೆ. ಐದು ಮೀಟರಿನ ರೋಲ್ ಕೂಡಿಸಿದರೆ 300 ಮಿಲಿಆಂಪಿಯರ್ ಅದರ ಎಲ್ಲ ಗುಂಪುಗಳಿಗೂ ಹಂಚಿಹೋಗಿ ಮಿಣುಕುದೀಪದಂತೆ ಕಾಣುತ್ತದೆ. ಹಿಂದಿನ ಪ್ರಶ್ನೆಯಲ್ಲಿ ಹೇಳಿದ ಪ್ರತ್ಯೇಕತೆಯಿಲ್ಲದ ಡ್ರೈವರ್‌ಗಳು ಹೆಚ್ಚಾಗಿ ಸಿಗುವುದೂ ಪ್ಯಾನಲ್ ಲೈಟ್‌ಗಳ ಈ ಜಾತಿಯಲ್ಲೇ. ಅಷ್ಟೇ ವ್ಯಾಟಿನ ಹೊಸ ಪ್ಯಾನಲ್ಲಿಗೆ, ವೋಲ್ಟೇಜ್ ವ್ಯಾಪ್ತಿ ಮತ್ತು ಮಿಲಿಆಂಪಿಯರ್ ಎರಡೂ ಹೊಂದಿದರೆ, ಅದನ್ನು ಎತ್ತಿಟ್ಟುಕೊಳ್ಳಿ.

ಪ್ರಶ್ನೆ: ಡ್ರೈವರನ್ನು ಕಣ್ಣಿಗೆ ಕಾಣದಂತೆ ಸ್ಟೋರ್ ರೂಮಿನಲ್ಲಿಟ್ಟು, 8 ಮೀಟರ್ ದೂರದ ಕೋಣೆಗೆ ತಂತಿ ಎಳೆಯಬೇಕೆಂದಿದ್ದೇವೆ. ಒಂದು ಸ್ಕ್ವೇರ್ ಎಂಎಂ ತಂತಿ ಸಾಕೇ? ಸ್ಟ್ರಿಪ್ 12 ವೋಲ್ಟ್, 72 ವ್ಯಾಟ್.
ಓದುಗರೊಬ್ಬರು, ಶಿವಮೊಗ್ಗ

ಉತ್ತರ: 12 ವೋಲ್ಟಿಗೆ ಸಾಲದು. ಲೆಕ್ಕ ಹೀಗಿದೆ. 72 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 6 ಆಂಪಿಯರ್. ಕರೆಂಟು ಹೋಗಿ ಬರಬೇಕಾದ್ದರಿಂದ ತಂತಿಯ ಉದ್ದ 16 ಮೀಟರ್ ಆಗುತ್ತದೆ. ಹಲವು ಎಳೆಗಳ, ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.0195 ಓಮ್, 16 ಮೀಟರಿಗೆ 0.31 ಓಮ್. ಇದನ್ನು 6ರಿಂದ ಗುಣಿಸಿದರೆ ದಾರಿಯಲ್ಲೇ ಹೆಚ್ಚುಕಡಿಮೆ 1.9 ವೋಲ್ಟ್ ಕಳೆದುಹೋಗಿ, ಸ್ಟ್ರಿಪ್‌ಗೆ 10.1 ವೋಲ್ಟ್ ತಲುಪುತ್ತದೆ. ಮೊದಲ ಉತ್ತರದಲ್ಲಿ ಹೇಳಿದಂತೆ ಅಷ್ಟಕ್ಕೆ ಬೆಳಕು ಅರ್ಧದ ಹತ್ತಿರಕ್ಕೆ ಬರುತ್ತದೆ. ಎರಡೂವರೆ ಸ್ಕ್ವೇರ್ ಎಂಎಂ ತಂತಿ ಎಳೆದರೂ ಮುಕ್ಕಾಲು ವೋಲ್ಟಿನಷ್ಟು ನಷ್ಟ ಉಳಿಯುತ್ತದೆ. ನಷ್ಟ ಶೇಕಡಾ 3ರೊಳಗೆ, ಅಂದರೆ 12 ವೋಲ್ಟಿನಲ್ಲಿ 0.36 ವೋಲ್ಟಿನೊಳಗೆ ಇರಬೇಕೆಂಬುದು ನಾನು ಪಾಲಿಸುವ ಮಿತಿ.

ಅದೇ ದೂರಕ್ಕೆ 24 ವೋಲ್ಟಿನ 72 ವ್ಯಾಟ್ ಸ್ಟ್ರಿಪ್ ಆಗಿದ್ದರೆ ಕರೆಂಟು 3 ಆಂಪಿಯರ್. ಒಂದೂವರೆ ಸ್ಕ್ವೇರ್ ಎಂಎಂ ತಂತಿಯಲ್ಲಿ 0.64 ವೋಲ್ಟ್ ನಷ್ಟವಾಗಿ, ಮಿತಿಯೊಳಗೇ ಇರುತ್ತದೆ. 12 ವೋಲ್ಟಿನ ಸ್ಟ್ರಿಪ್ಪನ್ನು ಆಗಲೇ ಕೊಂಡಿದ್ದರೆ ಡ್ರೈವರನ್ನೇ ಸ್ಟ್ರಿಪ್‌ನ ಹತ್ತಿರಕ್ಕೆ ಒಯ್ಯಿರಿ. 230 ವೋಲ್ಟಿನ ಕಡೆಯಲ್ಲಿ ಈ ಭಾರಕ್ಕೆ ಒಂದು ಆಂಪಿಯರ್ ಕೂಡ ಬೇಕಾಗದು, ಆದ್ದರಿಂದ ಆ ತಂತಿ ಎಷ್ಟು ಉದ್ದವಾದರೂ ಬೆಳಕಿಗೆ ಬಾಧೆಯಿಲ್ಲ. ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಔಟ್‌ಪುಟ್ಟನ್ನು ಸ್ವಲ್ಪ ಏರಿಸುವ ತಿರುಪು ಇರುತ್ತದೆ. ಅದನ್ನು ತಿರುಗಿಸಿ ನಷ್ಟ ತುಂಬಿಕೊಳ್ಳುವವರಿದ್ದಾರೆ. ಸ್ಟ್ರಿಪ್ ಉರಿಯುತ್ತಿರುವಾಗ ಅದರ ತುದಿಯಲ್ಲೇ ಮಲ್ಟಿಮೀಟರ್ ಹಿಡಿದು, 12 ದಾಟದಂತೆ ನೋಡಿಕೊಂಡರೆ ಮಾತ್ರ ಅದು ಸರಿ.

ಪ್ರಶ್ನೆ: ಸ್ಟ್ರಿಪ್‌ನ ಬೆಳಕನ್ನು ಕಡಿಮೆ ಮಾಡಲು ಡ್ರೈವರ್‌ನ ಮೊದಲು ಫ್ಯಾನ್ ರೆಗ್ಯುಲೇಟರ್ ಹಾಕಬಹುದೇ?
ಓದುಗರೊಬ್ಬರು, ಬಳ್ಳಾರಿ

ಉತ್ತರ: ಬೇಡ. ಒಳಬರುವ ವೋಲ್ಟೇಜ್ ಎಷ್ಟೇ ಏರಿಳಿದರೂ ಔಟ್‌ಪುಟ್ಟನ್ನು ಅಲುಗದಂತೆ ಇಡುವುದೇ ಡ್ರೈವರ್‌ನ ಕಸುಬು. ರೆಗ್ಯುಲೇಟರ್ ಇಳಿಸಿದಷ್ಟೂ ಅದು ಹೆಣಗಿ, ಕಾದು, ಕೊನೆಗೆ ಮಿಣುಕತೊಡಗುತ್ತದೆ. ಡ್ರೈವರ್ ಮತ್ತು ಸ್ಟ್ರಿಪ್ ನಡುವೆ, 12 ಅಥವಾ 24 ವೋಲ್ಟಿನ ಕಡೆ, ಕರೆಂಟನ್ನು ಬಹುವೇಗವಾಗಿ ಕಡಿದು ಕೂಡಿಸಿ ಬೆಳಕು ತಗ್ಗಿಸುವ ಪಿಡಬ್ಲ್ಯುಎಂ ಡಿಮ್ಮರ್ ಹಾಕಿಸಿ. ಅದರ ಆಂಪಿಯರ್ ಸ್ಟ್ರಿಪ್‌ನದ್ದಕ್ಕಿಂತ ಹೆಚ್ಚಿರಲಿ. ಗೋಡೆಯ ಡಿಮ್ಮರೇ ಬೇಕೆಂದಾದರೆ ಅದಕ್ಕೆಂದೇ ಮಾಡಿದ, ಟ್ರಯಾಕ್ ಡಿಮ್ಮಬಲ್ ಎಂದು ಬರೆದಿರುವ ಡ್ರೈವರ್ ಕೊಳ್ಳಬೇಕು.

ಪ್ರಶ್ನೆ: ಮನೆಯ ಮುಂದಿನ ಕಾಂಪೌಂಡ್ ಗೋಡೆಗೂ ಮಾಡಿನ ಅಂಚಿಗೂ ಸ್ಟ್ರಿಪ್ ಹಾಕಿಸಬೇಕೆಂದಿದ್ದೇವೆ. ಸಮುದ್ರ ಹತ್ತಿರ, ಮಳೆಯ ಅಬ್ಬರ ನಿಮಗೆ ಗೊತ್ತೇ ಇದೆ. ಯಾವ ಡ್ರೈವರ್ ಉಳಿದೀತು?
ಓದುಗರೊಬ್ಬರು, ಕುಂದಾಪುರ

ಉತ್ತರ: ಐಪಿ 67 ಎಂದು ಬರೆದಿರುವ, ಒಳಗೆ ರಾಳ ತುಂಬಿ ಮುಚ್ಚಿದ, ತಂತಿಗಳು ಹೊರಬಂದಿರುವ ಅಲ್ಯೂಮಿನಿಯಂ ಕವಚದ ಡ್ರೈವರ್ ಕೊಳ್ಳಿ. ಐಪಿ ಸಂಖ್ಯೆಯ ಮೊದಲ ಅಂಕೆ ದೂಳಿನಿಂದ ಸಿಗುವ ರಕ್ಷಣೆಯನ್ನು, ಎರಡನೆಯದು ನೀರಿನಿಂದ ಸಿಗುವ ರಕ್ಷಣೆಯನ್ನು ಹೇಳುತ್ತದೆ. 65 ಎಂದರೆ ಚಿಮ್ಮುವ ನೀರನ್ನು ತಡೆಯುತ್ತದೆ. 67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು. ಜಾಲರಿ ಪೆಟ್ಟಿಗೆಯ ಎಸ್‌ಎಂಪಿಎಸ್‌ನ ರಕ್ಷಣೆ ಸಾಮಾನ್ಯವಾಗಿ ಐಪಿ 20, ಅಂದರೆ ನೀರಿಗೆ ಸೊನ್ನೆ. ಕರಾವಳಿಯ ಉಪ್ಪು ಗಾಳಿಗೆ ಅದನ್ನು ಒಡ್ಡಬೇಡಿ.

ಆದರೆ ಮಳೆಗಾಲದಲ್ಲಿ ಮೊದಲು ಸೋಲುವುದು ಡ್ರೈವರ್‌ಗಿಂತ ಹೆಚ್ಚಾಗಿ ತಂತಿಯ ಜೋಡಣೆ. ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟ ಜೋಡಣೆ ಆಷಾಢದ ಒಂದು ವಾರಕ್ಕೆ ಹಸಿರು ಕಟ್ಟುತ್ತದೆ. ಬೆಸುಗೆ ಹಾಕಿ, ಒಳಗೆ ಅಂಟು ಸವರಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿ, ಜಲನಿರೋಧಕ ಪೆಟ್ಟಿಗೆಯಲ್ಲಿಡಿಸಿ. ತಂತಿ ಪೆಟ್ಟಿಗೆಗೆ ಕೆಳಗಿನಿಂದಲೇ ಪ್ರವೇಶಿಸಲಿ, ಪ್ರವೇಶಕ್ಕೆ ಮೊದಲು ಸ್ವಲ್ಪ ಜೋತು ಬಿದ್ದಿರಲಿ. ಆಗ ತಂತಿಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸಿಲಿಕೋನ್ ಹೊದಿಕೆಯ ಸ್ಟ್ರಿಪ್ಪನ್ನು ಕತ್ತರಿಸಿದ ಮೇಲೆ ಅದರ ತುದಿ ಬಾಯ್ದೆರೆದಿರುತ್ತದೆ. ಅದಕ್ಕೆ ಮುಚ್ಚಳ ಹಾಕಿ ಸಿಲಿಕೋನ್ ಸೀಲೆಂಟ್ ತುಂಬಿಸಬೇಕು. ಹುಳಿ ವಿನೆಗರ್ ವಾಸನೆಯ ಸೀಲೆಂಟ್ ತಾಮ್ರವನ್ನು ತಿನ್ನುತ್ತದೆ, ಆದ್ದರಿಂದ ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ ತನ್ನಿ.

ಡ್ರೈವರನ್ನು ಕಾಂಪೌಂಡಿನ ಬುಡದಲ್ಲಿಡದೆ ಮಾಡಿನ ಕೆಳಗೆ ಎತ್ತರದಲ್ಲಿ ಕೂರಿಸಿ. ಗುಡುಗು ಸಿಡಿಲಿನ ದಿನಗಳಲ್ಲಿ ತಂತಿಗುಂಟ ಬರುವ ವೋಲ್ಟೇಜ್ ಏರಿಕೆ ಹೊರಗಿನ ಡ್ರೈವರ್‌ಗಳನ್ನು ಕೊಲ್ಲುವುದುಂಟು. ಕೊಳ್ಳುವಾಗ ಸರ್ಜ್ ರಕ್ಷಣೆ ಎಷ್ಟು ಕಿಲೋವೋಲ್ಟಿನದು ಎಂದು ವಿಚಾರಿಸಿ. ಹೊರಾಂಗಣಕ್ಕೆ 4 ಕಿಲೋವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿರುವುದನ್ನು ನಾನು ಒಪ್ಪುತ್ತೇನೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಬರುವಾಗ ಅಡಾಪ್ಟರ್ ಸಹಿತ ಸ್ಟ್ರಿಪ್ ತಂದಿದ್ದಾನೆ. ಇಲ್ಲಿ ಚುಚ್ಚಬಹುದೇ?
ಓದುಗರೊಬ್ಬರು, ಮೈಸೂರು

ಉತ್ತರ: ಅಡಾಪ್ಟರ್ ಮೇಲೆ ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ, ಪಿನ್ ಹೊಂದಿಸುವ ಪ್ಲಗ್ ಒಂದನ್ನು ಸೇರಿಸಿ ನಿಶ್ಚಿಂತೆಯಿಂದ ಬಳಸಿ. ಬರಿದೇ 120 ವೋಲ್ಟ್ ಎಂದಿದ್ದರೆ ಅದನ್ನು ಬದಿಗಿಟ್ಟು, ಅದೇ ಔಟ್‌ಪುಟ್ಟಿನ ಅಡಾಪ್ಟರನ್ನು ಇಲ್ಲೇ ಕೊಳ್ಳಿ. ನಮ್ಮಲ್ಲಿ ಸಿಗುವ ಕೆಲವು ದೊಡ್ಡ ಎಸ್‌ಎಂಪಿಎಸ್‌ಗಳ ಪಕ್ಕದಲ್ಲೂ 110 ಮತ್ತು 220 ಎಂಬ ಚಿಕ್ಕ ಕೆಂಪು ಸ್ವಿಚ್ ಇರುತ್ತದೆ. ಅದು 110ರಲ್ಲಿದ್ದಾಗ ನಮ್ಮ ಕರೆಂಟು ಕೊಟ್ಟರೆ ಒಳಗಿನ ಕೆಪಾಸಿಟರ್ ಸಿಡಿಯುತ್ತದೆ. ಜೋಡಿಸುವ ಮೊದಲು ನೋಡಿಕೊಳ್ಳಿ.

ಪ್ರಶ್ನೆ: ತೋಟದ ಮನೆಯಲ್ಲಿ ಸೋಲಾರ್ ಬ್ಯಾಟರಿ 12 ವೋಲ್ಟಿನದು, ಸ್ಟ್ರಿಪ್ಪೂ 12 ವೋಲ್ಟಿನದು. ಡ್ರೈವರ್ ಇಲ್ಲದೆ ನೇರವಾಗಿ ಜೋಡಿಸಬಹುದಲ್ಲವೇ?
ರೈತರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಉರಿಯುವುದೇನೋ ಉರಿಯುತ್ತದೆ, ಆದರೆ 12 ವೋಲ್ಟಿನ ಬ್ಯಾಟರಿ 12ರಲ್ಲಿ ನಿಲ್ಲುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನಿರುವಾಗ ಸುಮಾರು 12.7, ಚಾರ್ಜ್ ಆಗುತ್ತಿರುವಾಗ 14.4ರವರೆಗೆ, ಬರಿದಾಗುವ ಹೊತ್ತಿಗೆ 11ರ ಹತ್ತಿರ ಇರುತ್ತದೆ. 14.4 ವೋಲ್ಟಿನಲ್ಲಿ ರೆಸಿಸ್ಟರ್‌ನ ಪಾಲಿಗೆ ಬರುವ ವೋಲ್ಟೇಜ್ 3ರಿಂದ 5ರ ಆಚೆಗೆ ಏರಿ, ಕರೆಂಟು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ರಾತ್ರಿ ಮಾತ್ರ ಹಚ್ಚುವುದಾದರೆ ಅಪಾಯ ಕಡಿಮೆ, ಬೆಳಗಿನ ಜಾವಕ್ಕೆ ಬೆಳಕು ಇಳಿಯುತ್ತದೆ ಅಷ್ಟೆ. ದನದ ಕೊಟ್ಟಿಗೆಯಲ್ಲೋ ಉಗ್ರಾಣದಲ್ಲೋ ಹಗಲೂ ಹಚ್ಚುವುದಾದರೆ, ಬ್ಯಾಟರಿ ಎಷ್ಟಿದ್ದರೂ 12 ವೋಲ್ಟನ್ನೇ ಕೊಡುವ, ಏರಿಸಲೂ ಇಳಿಸಲೂ ಬಲ್ಲ ಡಿಸಿ–ಡಿಸಿ ಕನ್ವರ್ಟರ್ ಹಾಕಿ. ಮೀಟರಿಗೆ 4.8 ವ್ಯಾಟಿನ 3 ಮೀಟರ್ ಸ್ಟ್ರಿಪ್‌ಗೆ 1.2 ಆಂಪಿಯರ್ ಸಾಕು. ರಾತ್ರಿ ಐದು ಗಂಟೆ ಹಚ್ಚಿದರೆ ಬ್ಯಾಟರಿಯಿಂದ 6 ಆಂಪಿಯರ್ ಗಂಟೆಯಷ್ಟು ಹೋಗುತ್ತದೆ. ಯಾವ ರೀತಿ ಜೋಡಿಸಿದರೂ ಬ್ಯಾಟರಿಯ ಪಾಸಿಟಿವ್ ಹತ್ತಿರವೇ 2 ಅಥವಾ 3 ಆಂಪಿಯರ್ ಫ್ಯೂಸ್ ಇರಲಿ. ಬ್ಯಾಟರಿಯಿಂದ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ತಂತಿ ಕೆಂಪಗೆ ಕಾಯುತ್ತದೆ. ಹುಲ್ಲು ಒಟ್ಟಿರುವ ಜಾಗವಾದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಐಟಿಐ ಮುಗಿಸಿ ಸ್ವಂತ ಕೆಲಸ ಶುರು ಮಾಡಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 12 ವೋಲ್ಟ್, 10 ಆಂಪಿಯರ್ ಡ್ರೈವರನ್ನೇ ಮೂರು ಅಂಗಡಿಗಳು ಮೂರು ದರಕ್ಕೆ ಕೊಡುತ್ತವೆ. ಗಿರಾಕಿಗಳು ಅಗ್ಗದ್ದನ್ನೇ ಕೇಳುತ್ತಾರೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?
ಯುವ ಎಲೆಕ್ಟ್ರಿಷಿಯನ್ ಒಬ್ಬರು, ತುಮಕೂರು

ಉತ್ತರ: ಈ ಪ್ರಶ್ನೆಯನ್ನು ಕೆಲಸದ ಆರಂಭದಲ್ಲೇ ಕೇಳಿದ್ದೀರಿ, ಸಂತೋಷ. ಮೊದಲು ಲೇಬಲ್ ಓದಿ. ಎಲ್‌ಇಡಿ ಡ್ರೈವರ್‌ಗಳು ನಮ್ಮ ದೇಶದಲ್ಲಿ ಬಿಐಎಸ್‌ನ, ಅಂದರೆ ಭಾರತೀಯ ಮಾನಕ ಬ್ಯೂರೊದ, ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಅವುಗಳ ಸುರಕ್ಷತೆಯ ಮಾನಕ ಐಎಸ್ 15885, ಭಾಗ 2, ವಿಭಾಗ 13. ಆ ಮಾನಕದ ಸಂಖ್ಯೆ, ಜೊತೆಗೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಡ್ರೈವರ್‌ನ ಮೇಲಿರಬೇಕು. ಅದನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಯಾವ ತಯಾರಕರಿಗೆ, ಯಾವ ವಸ್ತುವಿಗೆ ಕೊಟ್ಟದ್ದೆಂದು ತೋರಿಸುತ್ತದೆ. ಬೇರೆ ಯಾವುದೋ ವಸ್ತುವಿನ ಸಂಖ್ಯೆಯನ್ನು ಮುದ್ರಿಸಿದ್ದರೆ ಆಗಲೇ ಗೊತ್ತಾಗುತ್ತದೆ. ಇನ್‌ಪುಟ್ ವ್ಯಾಪ್ತಿ ಅಗಲವಾಗಿರಲಿ. ಹಳ್ಳಿಗಳಲ್ಲಿ ಸಂಜೆ ಪಂಪ್‌ಸೆಟ್‌ಗಳು ಓಡುವಾಗ ವೋಲ್ಟೇಜ್ 180ಕ್ಕಿಂತ ಕೆಳಗಿಳಿದರೂ ದೀಪ ನಿಲ್ಲಬೇಕು. ಟಿಎ ಎಂದು ಬರೆದಿರುವುದು ಸುತ್ತಲಿನ ಗಾಳಿ ಎಷ್ಟು ಬಿಸಿಯಾಗುವವರೆಗೆ ಡ್ರೈವರ್ ನಡೆಯುತ್ತದೆ ಎಂಬುದನ್ನು, ಟಿಸಿ ಎಂಬುದು ಕವಚದ ಮೇಲಿನ ಆ ಬಿಂದು ಎಷ್ಟರವರೆಗೆ ಕಾಯಬಹುದು ಎಂಬುದನ್ನು ಹೇಳುತ್ತದೆ. ಇವೆರಡೂ ಇಲ್ಲದ ಲೇಬಲ್ಲಿನ 10 ಆಂಪಿಯರ್ ಎಂಬ ಮಾತನ್ನು ನಾನು ನಂಬುವುದಿಲ್ಲ.

ಲೇಬಲ್ಲಿನ ನಂತರ ಪರೀಕ್ಷೆ. ಮೂರು ಅಂಗಡಿಗಳಿಂದಲೂ ಒಂದೊಂದು ತಂದು, 8 ಆಂಪಿಯರ್ ಎಳೆಯುವಷ್ಟು ಸ್ಟ್ರಿಪ್ ಕೂಡಿಸಿ ಎರಡು ಗಂಟೆ ಉರಿಸಿ. ಸ್ಟ್ರಿಪ್‌ನ ಮೇಲೆ ಬರೆದಿರುವ ವ್ಯಾಟೂ ಅಳೆದಾಗ ಕಡಿಮೆ ಇರುವುದುಂಟು, ಆದ್ದರಿಂದ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಕರೆಂಟನ್ನು ನೀವೇ ನೋಡಿಕೊಳ್ಳಿ. ಎರಡು ಗಂಟೆಯ ಕೊನೆಗೆ ಡ್ರೈವರ್‌ನ ತಿರುಪುಗಳಲ್ಲೇ ಅಳೆದಾಗ 12 ವೋಲ್ಟ್ ಹೆಚ್ಚುಕಡಿಮೆ ಹಾಗೇ ಇರಬೇಕು. 11ರ ಕಡೆಗೆ ಜಾರಿದ್ದರೆ, ಅಥವಾ ಕವಚಕ್ಕೆ ಬೆರಳು ಕ್ಷಣವೂ ತಾಳದಿದ್ದರೆ, ಅದರ 10 ಆಂಪಿಯರ್ ಬರೀ ಕಾಗದದ ಮೇಲಿನದು. ಕವಚ ಮುಟ್ಟುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ.

ಗಿರಾಕಿಗಳ ವಿಷಯ. ದರ ಕೇಳಿದಾಗ ಎರಡು ಬೆಲೆಗಳನ್ನೂ ಬರೆದುಕೊಡಿ; ಅಗ್ಗದ್ದು ಕೆಟ್ಟರೆ ಸೀಲಿಂಗ್ ಬಿಚ್ಚಿ, ಬದಲಾಯಿಸಿ, ಮತ್ತೆ ಬಣ್ಣ ಬಳಿಯುವ ಕೂಲಿಯನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಆಮೇಲೂ ಅವರು ಅಗ್ಗದ್ದನ್ನೇ ಕೇಳಿದರೆ, ಒಂದು ವಿಷಯದಲ್ಲಿ ಮಾತ್ರ ಮಣಿಯಬೇಡಿ: ಪ್ರತ್ಯೇಕತೆಯಿಲ್ಲದ, ನೋಂದಣಿ ಸಂಖ್ಯೆಯಿಲ್ಲದ ಡ್ರೈವರನ್ನು ನೀವು ಹಾಕಿಕೊಡಲಾರೆನೆಂದು ಹೇಳಿ. ನೀವು ಹಾಕಿದ ಪ್ರತಿ ಡ್ರೈವರ್‌ನ ಮೇಲೂ ಜೋಡಿಸಿದ ದಿನಾಂಕ ಮತ್ತು ಸ್ಟ್ರಿಪ್‌ನ ಒಟ್ಟು ವ್ಯಾಟನ್ನು ಅಳಿಸದ ಶಾಯಿಯಲ್ಲಿ ಬರೆದಿಡಿ. ನಾಲ್ಕು ವರ್ಷದ ಮೇಲೆ ಬೇರೆ ಯಾರೇ ಅದನ್ನು ಬಿಚ್ಚಿದರೂ ಯಾವ ಅಳತೆಯದು ತರಬೇಕೆಂದು ಅವರಿಗೆ ಅಲ್ಲಿಯೇ ಸಿಗುತ್ತದೆ.